ಕೇಶವ ಮಾಷ್ಟ್ರು ಕಟ್ಟಿದ ಭಾಷೆ

ನಂಬಲಿಕ್ಕೆ ಆಗುದಿಲ್ಲ…
ಬೆಳಿಗ್ಗೆ ಅವರ ಮಗ ಫೋನ್ ಮಾಡಿದ.
"ಟೀಚರ್… ಅಪ್ಪ ಹೋದ್ರು."
"ಎಲ್ಲಿಗೆ?" ಅಂತ ಕೇಳಿದೆ ನಾನು. ನಿಜವಾಗಿ ಹಾಗೇ ಕೇಳಿದೆ…

ನಮ್ಮ ಕೇಶವ ಮಾಷ್ಟ್ರು ಇನ್ನಿಲ್ಲ.

ಫ್ರೆಂಡ್ಸ್, ನಿಮಗೆ ಅವರು ರಿಟೈರ್ಡ್ ಹೆಡ್‌ಮಾಸ್ಟರ್ ಅಂತ ಗೊತ್ತು.
ಅವರು ಒಂದು ಭಾಷೆ ಕಟ್ಟಿದ್ದರು ಅಂತ ಗೊತ್ತುಂಟಾ?
ಎಲ್ಲಿಯೂ ಇಲ್ಲದ ಊರಿಗೆ… ಎಲ್ಲಿಯೂ ಇಲ್ಲದ ಜನರಿಗೆ…

ಎಪ್ಪತ್ತರ ದಶಕದ ಕೊನೆ. ಕಡಬದಲ್ಲಿ ನಾವಿಬ್ಬರೂ ಹೊಸ ಟೀಚರ್ಸ್. ಅವರು ಕನ್ನಡ, ನಾನು ಸೈನ್ಸ್.
ಊರಿನ ಯುವಕರನ್ನು ಸೇರಿಸಿ ಒಂದು ನಾಟಕ ಮಾಡುದು ಅಂತ ಆಯಿತು. ಬರೆದದ್ದು ಅವರೇ.
ಒಬ್ಬ ರಾಜ ಗುಡ್ಡದ ಜನರನ್ನು ಗೆಲ್ಲುತ್ತಾನೆ. ಅವನ ಸೈನಿಕರು ಒಂದು ಮಗುವನ್ನು ಹೊತ್ತುಕೊಂಡು ಹೋಗುತ್ತಾರೆ. ತಾಯಿ ಹುಡುಕುತ್ತಾಳೆ. ಅಷ್ಟೇ ಕತೆ.
ತಾಯಿಯ ಪಾರ್ಟು ನನಗೆ.

"ಗುಡ್ಡದವರು ತುಳು ಮಾತಾಡ್ಲಿ ಮಾಷ್ಟ್ರೇ," ಅಂದೆ.
"ನಗ್ತಾರೆ."
"ನಿಮ್ಮ ಸುಳ್ಯದ ಕಡೆಯ ಅರೆಭಾಷೆ?"
"ಅದಕ್ಕೆ ಇನ್ನೂ ನಗ್ತಾರೆ. ಸ್ಟೇಜಲ್ಲಿ ರಾಜನಿಗೆ ಪುಸ್ತಕದ ಕನ್ನಡ, ನಮ್ಮ ಭಾಷೆ ಕೋಡಂಗಿಗೆ. ಯಾವತ್ತೂ ಹಾಗೇ ಅಲ್ವಾ?"

ಆಮೇಲೆ ಹೇಳಿದರು. ಪುತ್ತೂರಿನ ಒಂದು ಹಾಸ್ಟೆಲಲ್ಲಿ ಅವರು ಓದುವಾಗ ಅವರ ಅವ್ವ ಸುಳ್ಯದಿಂದ ಬಸ್ಸು ಹತ್ತಿ ನೋಡಲಿಕ್ಕೆ ಬಂದಿದ್ದರಂತೆ. ಬಾಗಿಲಲ್ಲಿ ನಿಂತು, ನನ್ನ ಮಗ ಉಂಡನಾ ಅಂತ ಅರೆಭಾಷೆಯಲ್ಲಿ ಕೇಳಿದರಂತೆ.
ಇಡೀ ಹಾಸ್ಟೆಲು ಅದನ್ನೇ ರಾಗ ಎಳೆದು ಎಳೆದು ಹೇಳಿ ನಕ್ಕಿತಂತೆ.
ಅವ್ವ ಮತ್ತೆ ಪುತ್ತೂರಿಗೆ ಬರಲಿಲ್ಲ. ಪರಊರಿನವರ ಎದುರು ಬಾಯಿ ಬಿಡುದನ್ನೇ ನಿಲ್ಲಿಸಿದರು…

"ಯಾರೂ ಇಷ್ಟರವರೆಗೆ ನಗಾಡದ ಒಂದು ಭಾಷೆ ಬೇಕು ಟೀಚರ್. ನಾನೇ ಮಾಡ್ತೇನೆ."

ಮಾಡಿದರು!
ಬಾಯಿಗೆ ಬಂದ ಹಾಗೆ ಬಡಬಡಿಸುದಲ್ಲ. ವ್ಯಾಕರಣ ಉಂಟು. ಕ್ರಿಯಾಪದ ಮೊದಲು ಬರಬೇಕು. ಆಜ್ಞೆ ಮಾಡುವ ರೂಪವೇ ಇಲ್ಲ. ರಾಜ "ಕೊಡು" ಅಂದರೆ ದುಭಾಷಿ ತಡಬಡಾಯಿಸಬೇಕು… "ನಿಮಗೆ ಕೊಡುವ ಮನಸ್ಸಾದರೆ" ಅಂತಲೇ ಹೇಳಬೇಕು. ಬೇರೆ ದಾರಿ ಇಲ್ಲ ಅವನಿಗೆ.
ನೂಮ ಅಂದರೆ ಮಗು. ಎರಾವೊ ಅಂದರೆ ಕಂಡಿರಾ. ಹೆಸ್ಸ ಅಂದರೆ ಇಲ್ಲ.
ರಿಹರ್ಸಲಲ್ಲಿ ನನ್ನ ಬಾಯಿಂದ ಒಂದು ಶಬ್ದ ಜಾರಿದರೆ ಸಾಕು… "ಅದು ತುಳು ಆಯ್ತು ಟೀಚರ್, ತೆಗೀರಿ!"

ಮಾಷ್ಟ್ರೇ… ನಿಮಗೆ ಅಜ್ಜಾವರದ ಆ ಸಂಜೆ ನೆನಪುಂಟಲ್ಲ?
ಕೊಯ್ದ ಗದ್ದೆಯಲ್ಲಿ ಸ್ಟೇಜು. ನಿಮ್ಮದೇ ಊರು. ಹೆಂಗಸರ ಬದಿಯಲ್ಲಿ, ಚಾಪೆಯಲ್ಲಿ, ನಿಮ್ಮ ಅವ್ವ.
ಮೊದಲ ಸೀನಲ್ಲಿ ಮಗು ನನ್ನ ಬೆನ್ನ ಹಿಂದೆ ಅಡಗಿ ಆಡುದು. ನಾನು ನೆರೆಮನೆಯವಳಿಗೆ ಸುಳ್ಳೇ ಕೇಳುದು, "ಎರಾವೊ ನೂಮ?" ಅವಳು ನಗಾಡಿ, "ಹೆಸ್ಸ, ಹೆಸ್ಸ."
ಜನ ನಕ್ಕರು. ಅದು ನಗಬೇಕಾದ ಸೀನೇ.
ಆದರೆ ಸೈನಿಕರು ಮಗುವನ್ನು ಕೊಂಡುಹೋದ ಮೇಲೂ ನಗು ನಿಲ್ಲಲಿಲ್ಲ… ಹಿಂದಿನಿಂದ ಯಾರೋ "ಎರಾವೋ… ವೋ…" ಅಂತ ಕೂಗಿದರು. ಶಿಳ್ಳೆ ಬೇರೆ.
ನಾನು ಪಕ್ಕಕ್ಕೆ ನೋಡಿದೆ. ಪರದೆಯ ಬದಿಯಲ್ಲಿ ನೀವು ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತಿದ್ದಿರಿ.
ನನಗೆ ಎಂತ ಮಾಡುದು ಗೊತ್ತಾಗಲಿಲ್ಲ. ಸ್ಟೇಜಿಂದ ಇಳಿದೆ. ಜನರ ಮಧ್ಯೆ ಹೋಗಿ ಒಬ್ಬೊಬ್ಬರ ಮುಖ ನೋಡಿ ಕೇಳಿದೆ. ಎರಾವೊ ನೂಮ? ಎರಾವೊ ನೂಮ?
ನಿಮ್ಮ ಅವ್ವ ಎದ್ದು ನಿಂತರು.
ಪರರ ಎದುರು ಬಾಯಿ ಬಿಡದ ಅವ್ವ… ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ…
"ಹೆಸ್ಸ ಮಗಾ. ಹೆಸ್ಸ."

ಗದ್ದೆ ಇಡೀ ತಣ್ಣಗಾಯಿತು. ಶಿಳ್ಳೆ ಹೊಡೆದವರೂ ತಲೆ ತಗ್ಗಿಸಿದರು.
ನಾನು ಅತ್ತದ್ದು ನಾಟಕದ ಅಳು ಅಲ್ಲ ಮಾರಾಯ್ರೆ…

ಅಷ್ಟೇ. ಆ ಭಾಷೆಗೆ ಸಿಕ್ಕಿದ್ದು ಆ ಒಂದು ಸಂಜೆ.
ಪುತ್ತೂರಿನ ಒಂದು ನಾಟಕ ಸ್ಪರ್ಧೆಯವರು, "ಅರ್ಥ ಆಗುವ ಭಾಷೆಗೆ ಬದಲಿಸಿ, ಇಲ್ಲದಿದ್ರೆ ಸ್ಟೇಜ್ ಇಲ್ಲ" ಅಂದರು. ನೀವು ಆಗುದಿಲ್ಲ ಅಂದಿರಿ. ನಾನೂ ಅಂದೆ. ಹುಡುಗರಿಗೆ ಪ್ರೈಜ್ ಬೇಕಿತ್ತು. ಗುಡ್ಡದವರ ಬಾಯಿಗೆ ತುಳು ಹಾಕಿ, ಕಾಮಿಡಿ ಮಾಡಿ ಆಡಿದರು. ಜನ ಹೊಟ್ಟೆ ಹಿಡಿದು ನಕ್ಕರಂತೆ.
ನೀವು ಮತ್ತೆ ಒಂದು ಸಾಲೂ ಬರೆಯಲಿಲ್ಲ. ಎಂಬತ್ತರಲ್ಲಿ ಗುಂಡ್ಯದ ಕಡೆಗೆ ಟ್ರಾನ್ಸ್‌ಫರ್ ಕೇಳಿ ಹೋದಿರಿ. ಬರೆಯಿರಿ ಅಂದರೆ, "ಮಾತಾಡುವ ಜನ ಇಲ್ಲದ ಮೇಲೆ ಎಂತ ಟೀಚರ್," ಅಂತ ಮಾತು ತಿರುಗಿಸುತ್ತಿದ್ದಿರಿ…

ಇವತ್ತು ನಿಮ್ಮ ಮಗನ ಹತ್ತಿರ ಆ ನಾಟಕದ ವಿಷಯ ಎತ್ತಿದೆ.
"ಯಾವ ನಾಟಕ ಟೀಚರ್?" ಅಂದ.
ಮನೆಯಲ್ಲಿ ಹೇಳಿಯೇ ಇಲ್ಲವಾ ಮಾಷ್ಟ್ರೇ?! ಹೆಂಡತಿಗೂ? ಮಕ್ಕಳಿಗೂ?
ನೆರೆಮನೆಯವಳ ಪಾರ್ಟು ಮಾಡಿದ ಸುಶೀಲ ಹೋಗಿ ವರ್ಷಗಳಾದವು. ರಾಜನೂ ಹೋದ. ಈಗ ನೀವು…
ನನಗೆ ನೆನಪಿರುವುದು ನನ್ನ ಡೈಲಾಗು ಮಾತ್ರ. ಬರೆದಿಟ್ಟ ಪುಸ್ತಕ ಎಲ್ಲಿ ಹೋಯಿತೋ, ಉಳಿದದ್ದೆಲ್ಲ ನಿಮ್ಮ ತಲೆಯಲ್ಲಿ ಇತ್ತು. ನಾನು ಯಾರ ಹತ್ತಿರ ಕೇಳಲಿ?

ಫ್ರೆಂಡ್ಸ್, ದಯವಿಟ್ಟು… ಆ ಮಗುವಿನ ಪಾರ್ಟು ಮಾಡಿದವರು ಎಲ್ಲಿದ್ದರೂ, ಆ ಸಂಜೆ ಆ ಗದ್ದೆಯಲ್ಲಿ ಕೂತಿದ್ದವರು ಯಾರಿದ್ದರೂ, ಒಂದು ಕಮೆಂಟ್ ಹಾಕಿ. ಒಂದೇ ಒಂದು ಶಬ್ದ ನೆನಪಿದ್ದರೂ ಸಾಕು. ಶೇರ್ ಮಾಡಿ…

ಮಧ್ಯಾಹ್ನ ಅಂತ್ಯಕ್ರಿಯೆ ಅಂತೆ. ನಾನು ಬೆಂಗಳೂರಿಂದ ಬರುವ ರೈಲಲ್ಲಿದ್ದೇನೆ. ಘಾಟಿಯಲ್ಲಿ ನಿಂತುಬಿಟ್ಟಿದೆ. ನಾನು ಇಳಿಯುವ ನೆಟ್ಟಣ ಸ್ಟೇಷನ್ ಇನ್ನೂ ಬರಲಿಲ್ಲ. ಕಾಯ್ಲಿಕ್ಕೆ ಹೇಳಿದೆ. ಕಾಯ್ತಾರೋ ಇಲ್ಲವೋ…
ಎದುರು ಕೂತ ಹೆಂಗಸು, "ಹೋದವರು ನಿಮಗೆ ಎಂತ ಆಗ್ಬೇಕು?" ಅಂತ ಕೇಳ್ತಿದ್ದಾರೆ.
ಎಂತ ಹೇಳಲಿ ಮಾಷ್ಟ್ರೇ?

ನಿಮ್ಮ ಜೀವ ತಣ್ಣಗಿರಲಿ. ದೇವರು ನಿಮ್ಮನ್ನು ಹತ್ತಿರ ಕೂರಿಸಿಕೊಳ್ಳಲಿ.
ಹೋಗಿ ಬನ್ನಿ… 🙏