ಬಡಗಿನಿಂದ ಕೇಳಿದ ಕಡಲು

ಪತ್ತನಾಜೆ ಕಳೆದ ಐದನೆಯ ದಿನ, ಮೇ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ ಐದೂವರೆ ಗಂಟೆ. ದೇರೆಬೈಲಿನ ನಮ್ಮ ಮನೆಯ ತಾರಸಿಯಲ್ಲಿ ನಾನೊಬ್ಬಳೇ. ಕೆಳಗೆ ಪಕ್ಕದ ಮನೆಯ ಅಂಗಳದಲ್ಲಿ ಆ ಮನೆಯ ಯಜಮಾನ ಕುತ್ತಿಗೆ ಮೇಲೆತ್ತಿ ನನ್ನ ಉತ್ತರಕ್ಕೆ ಕಾಯುತ್ತಿದ್ದ.

ತಾರಸಿ ಹತ್ತುವುದು ನನ್ನ ನಿತ್ಯದ ಕೆಲಸ. ಐದಕ್ಕೆ ಏಳುವುದು, ಐದೂಕಾಲಕ್ಕೆ ಕಾಫಿ, ಐದೂವರೆಗೆ ಕಡಲು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೂ ಬೆಲ್ಲು ಮೈಯೊಳಗೆ ಹೊಡೆಯುತ್ತಲೇ ಇದೆ. ಕಡಲು ನಮ್ಮ ತಾರಸಿಯಿಂದ ಕಾಣುವುದಿಲ್ಲ. ವಾಹನಗಳ ಓಡಾಟ ಶುರುವಾಗುವ ಮೊದಲು ಅದರ ಮೊರೆತ ಮಾತ್ರ ಕೇಳುತ್ತದೆ. ಅದು ಯಾವ ದಿಕ್ಕಿನಿಂದ ಕೇಳಿತೆಂದು ನೋಟ್‌ಬುಕ್ಕಿನಲ್ಲಿ ಒಂದೇ ಶಬ್ದ ಬರೆಯುತ್ತೇನೆ. ತೆಂಕಿನಿಂದ, ಎಂದರೆ ದಕ್ಷಿಣದಿಂದ, ಕೇಳಿದರೆ ಅಂದು ಮಳೆ; ಉತ್ತರದ ಬಡಗಿನಿಂದ ಕೇಳಿದರೆ ಬಿಸಿಲು. ಇದು ನನ್ನ ಅಪ್ಪನ ಲೆಕ್ಕ. ಅಪ್ಪ ದೇವಸ್ಥಾನದಲ್ಲಿ ಪೂಜೆಗಿದ್ದವರು. ಏಪ್ರಿಲ್ ನಡುವೆ ಬರುವ ತುಳು ಹೊಸವರ್ಷ ಬಿಸುವಿನ ದಿನ ಊರವರ ಮುಂದೆ ಪಂಚಾಂಗ ಓದಿ, ಈ ವರ್ಷ ಇಷ್ಟು ಕೊಳಗ ಮಳೆ ಎಂದು ಹೇಳುತ್ತಿದ್ದರು. ಆದರೆ ಇವತ್ತು ಸಂಡಿಗೆ ಒಣಹಾಕಬಹುದೇ ಎಂದು ಅಮ್ಮ ಕೇಳಿದರೆ ಪಂಚಾಂಗ ಮುಟ್ಟುತ್ತಿರಲಿಲ್ಲ. ಅಂಗಳಕ್ಕಿಳಿದು ಕಡಲಿಗೆ ಕಿವಿಗೊಡುತ್ತಿದ್ದರು.

ಪಕ್ಕದ ಮನೆಯವನು ಬ್ಯಾರಿ ಮುಸ್ಲಿಮ. ಬಂದರಿನಲ್ಲಿ ಒಣಮೆಣಸಿನ ವ್ಯಾಪಾರ ಮಾಡುತ್ತಾನೆ. ಮೊಮ್ಮಕ್ಕಳನ್ನು ಕಂಡವನಾದರೂ ನನಗೆ ಈಗಲೂ ಏಳನೇ ತರಗತಿಯ ಮೂರನೇ ಬೆಂಚಿನ ಹುಡುಗನೇ. ಮನೆಯಲ್ಲಿ ಬ್ಯಾರಿ ಭಾಷೆ, ಊರವರೊಡನೆ ತುಳು ಆಡುವವನು ನನ್ನೊಡನೆ ಮಾತ್ರ ಕನ್ನಡ ಆಡುತ್ತಾನೆ. ಆ ದಿನ ಅವನ ಪ್ರಶ್ನೆ ಸಣ್ಣದಾಗಿರಲಿಲ್ಲ. ಅವನ ತಾಯಿ, ಉಮ್ಮ, ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಒಂದೂವರೆ ತಿಂಗಳು ಮಂಚದಿಂದ ಎತ್ತಬಾರದೆಂದು ಡಾಕ್ಟರ ಕಟ್ಟಪ್ಪಣೆ. ಮಂಚವೋ ಆ ಕೋಣೆಯ ಬಾಗಿಲಲ್ಲಿ ಹಿಡಿಸುವಂಥದ್ದಲ್ಲ. ಅದೇ ಕೋಣೆಯ ಹಂಚಿನ ಮಾಡನ್ನು ಹೊತ್ತ ಮರದ ಪಕ್ಕಾಸುಗಳನ್ನು ಗೆದ್ದಲು ತಿಂದಿತ್ತು. ಈ ಮಳೆಗಾಲದ ಭಾರವನ್ನು ಅವು ತಡೆಯುವುದಿಲ್ಲ ಎಂದು ಬಡಗಿ ಹೇಳಿಯಾಗಿತ್ತು. ಏಪ್ರಿಲಿನಲ್ಲಿ ಬರುತ್ತೇವೆಂದ ಕೆಲಸದವರು ಬರಲೊಪ್ಪಿದ್ದು ಅಂದು. ಹಂಚು ಇಳಿಸಿ, ಪಕ್ಕಾಸು ಬದಲಿಸಿ, ಮತ್ತೆ ಹಂಚು ಹೊದಿಸುವುದು ಇಡೀ ದಿನದ ಕೆಲಸ. ನಡುವೆ ಮಳೆ ಬಂದರೆ ನೀರು ನೇರ ಉಮ್ಮನ ಮೈಮೇಲೆ.

"ಟೀಚರ್, ಇವತ್ತು ಎಂತ?" ಎಂದು ಕೇಳಿದ.

"ಬಡಗು. ಮಾಡು ಬಿಚ್ಚಿಸು."

ಮೊಬೈಲಿನಲ್ಲಿ ಮಳೆ ತೋರಿಸುತ್ತಾ ಉಂಟು, ಅಂಗಡಿಯಿಂದ ಟಾರ್ಪಾಲು ತಂದಿಡುತ್ತೇನೆ ಎಂದ. ಬಿಸುವಿನಿಂದ ಈಚೆಗೆ ಅವನ ಮೊಬೈಲು ದಿನಾ ಸಂಜೆಗೆ ಮಳೆ ತೋರಿಸುತ್ತಲೇ ಇದೆ ಎಂದೆ. ಟಾರ್ಪಾಲಿಗೆಂದು ಬಂದರಿಗೆ ಹೋಗಿಬರುವಷ್ಟರಲ್ಲಿ ಬೆಳಗಿನ ಎರಡು ಗಂಟೆ ಹಾಳು. ಮನೆಯಲ್ಲಿ ನಿಂತು ಕೆಲಸ ನೋಡಿಕೊ, ಮಧ್ಯಾಹ್ನ ಅಂಗಡಿಗೆ ಹೋಗು ಎಂದೆ. ಮೂರನೇ ಬೆಂಚಿನ ಹುಡುಗ ತಲೆಯಾಡಿಸಿ ಏಣಿ ತರಲು ಹಿತ್ತಿಲಿಗೆ ಹೋದ.

ಎಂಟಕ್ಕೆ ಮೂವರು ಕೆಲಸದವರು ಬಂದರು. ಹತ್ತರ ಹೊತ್ತಿಗೆ ಉಮ್ಮನ ಮಂಚದ ಮೇಲೆ ಆಕಾಶ ತೆರೆದುಕೊಂಡಿತು. ಧೂಳು ಬೀಳದಂತೆ ಸೊಳ್ಳೆಪರದೆಯ ಕೋಲಿಗೆ ಎರಡು ಹಳೆಯ ಸೀರೆ ಕಟ್ಟಿ ನಾನು ಪಕ್ಕದಲ್ಲಿ ಕುಳಿತೆ. ಉಮ್ಮನ ಸೊಸೆಗೆ ಕೆಲಸದವರ ಅಡುಗೆ ಇದ್ದುದರಿಂದ ಆ ಪಾಳಿ ನನ್ನದೆಂದು ನಾನೇ ಗೊತ್ತುಮಾಡಿದ್ದೆ. ಉಮ್ಮ ಸೀರೆಯ ಸಂದಿಯಿಂದ ಮೋಡ ನೋಡುತ್ತಾ ಸ್ವಲ್ಪ ಹೊತ್ತು ಖುಷಿಯಲ್ಲೇ ಇದ್ದರು. ಆಮೇಲೆ ಸೊಸೆಯನ್ನು ಕರೆದು ಕಲ್ಲುಪ್ಪಿನ ಭರಣಿ ತರಿಸಿಕೊಂಡರು. ಕೈ ಹಾಕಿ, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ತುಳುವಿನಲ್ಲಿ ಹೇಳಿದರು: "ಉಪ್ಪು ಬೆವರ್ತಾ ಉಂಟು ಟೀಚರ್. ಬೇಗ ಮುಚ್ಚಲಿಕ್ಕೆ ಹೇಳಿ."

ಭರಣಿಯ ಮುಚ್ಚಳ ತೆರೆದಿಟ್ಟಿರಬೇಕು, ಅನ್ನದ ಹಬೆ ತಾಗಿರಬೇಕು ಎಂದು ನಾನು ವಿವರಿಸಿದೆ. ಅವರು ಬೆರಳನ್ನು ಹೊದಿಕೆಗೆ ಒರೆಸಿಕೊಂಡು, ಕಡಲಿನಲ್ಲಿರುವುದೂ ಉಪ್ಪೇ ಅಲ್ವಾ ಎಂದಷ್ಟೇ ಹೇಳಿ ಕಣ್ಣುಮುಚ್ಚಿದರು.

ಒಂದೂವರೆಗೆ ಕೆಲಸದವರು ಊಟಕ್ಕೆ ಇಳಿದರು. ಸುತ್ತಿಗೆಯ ಸದ್ದು ನಿಂತಿತು. ತೆರೆದ ಮಾಡಿನಿಂದ ಬಡಗಿನ ಮೊರೆತ ಸ್ಪಷ್ಟವಾಗಿ ಕೇಳಿತು. ನಡುಹಗಲಿನಲ್ಲಿ ಕಡಲು ಕೇಳುವುದು ಅಪರೂಪ. ಕೇಳಿಸಿಕೊಳ್ಳಿ ಎಂದು ಉಮ್ಮನಿಗೆ ಬೆರಳು ತೋರಿಸಿದೆ. ಅಷ್ಟರಲ್ಲಿ ಕರೆಂಟು ಹೋಗಿ ಮಂಚದ ಪಕ್ಕದ ಟೇಬಲ್ ಫ್ಯಾನು ನಿಂತಿತು. ಅದರ ಜೊತೆಗೇ ಕಡಲೂ ನಿಂತಿತು.

ಅರ್ಧ ನಿಮಿಷದಲ್ಲಿ ಹಿಂದಿನ ರಸ್ತೆಯ ಹೊಸ ಅಪಾರ್ಟ್‌ಮೆಂಟಿನ ಜನರೇಟರು ಕೆಮ್ಮಿ ಶುರುವಾಯಿತು. ಅದರ ಬೆನ್ನಿಗೇ ನನ್ನ ಕಡಲು ಮತ್ತೆ ಮೊರೆಯಿತು. ಬಿಸುವಿನ ಹೊತ್ತಿಗೆ ಅಲ್ಲಿ ಜನ ಬಂದು ನೆಲೆಸಿದ್ದರು. ಕೊಳಚೆ ನೀರು ಶುದ್ಧಮಾಡುವ ಯಂತ್ರ ಇರುವುದು ಅದರ ಹಿತ್ತಿಲಿನಲ್ಲಿ, ನಮಗೆ ನೇರ ಬಡಗು ದಿಕ್ಕಿಗೆ.

"ನಿಮ್ಮ ಕಡಲಿಗೂ ಪವರ್ ಕಟ್ ಉಂಟಾ ಟೀಚರ್?" ಎಂದರು ಉಮ್ಮ, ಕಣ್ಣು ತೆರೆಯದೆ.

ನಾನು ಎದ್ದೆ. ಮಧ್ಯಾಹ್ನ ಅಂಗಡಿಗೆ ಹೋಗಿದ್ದ ಮಗನಿಗೆ ಫೋನು ಮಾಡಿ, ಟಾರ್ಪಾಲು ತಕ್ಷಣ ತಾ ಎಂದೆ. ಅಂಗಳಕ್ಕಿಳಿದು ಕೆಲಸದವರ ಮುಖ್ಯಸ್ಥನಿಗೆ, ಹಾಕಿದ ಹೊಸ ಪಕ್ಕಾಸುಗಳ ಮೇಲೆ ಮಂಚದಷ್ಟು ಜಾಗಕ್ಕೆ ಈಗಲೇ ಹಂಚು ಹೊದಿಸಬೇಕು, ಉಳಿದದ್ದು ಆಮೇಲೆ ಎಂದೆ. ಅವನ ಕೈಯಲ್ಲಿ ಅನ್ನದ ತುತ್ತು ಇತ್ತು.

"ಮಳೆ ಇಲ್ಲ ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೆ?"

"ಹೇಳಿದ್ದೆ. ತಪ್ಪು ಹೇಳಿದೆ. ಏಳಿ."

ಮೂವರೂ ಎದ್ದರು. ಒಬ್ಬ ಮಾಡಿನ ಮೇಲೆ, ಒಬ್ಬ ಏಣಿಯಲ್ಲಿ, ಒಬ್ಬ ಕೆಳಗೆ. ಅಂಗಳದಲ್ಲಿ ಪೇರಿಸಿಟ್ಟ ಹಂಚುಗಳಿಂದ ಏಣಿಯವರೆಗೆ ನಾನು ಮತ್ತು ಸೊಸೆ. ಎರಡೆರಡು ಹಂಚು, ಕೈಯಿಂದ ಕೈಗೆ. ಶಾಲೆಯ ಕವಾಯತಿನಲ್ಲಿ ಮಕ್ಕಳಿಂದ ಮಾಡಿಸಿದ್ದನ್ನು ಅರವತ್ತೆಂಟನೇ ವಯಸ್ಸಿನಲ್ಲಿ ನಾನೇ ಮಾಡಿದೆ; ಚೆನ್ನಾಗಿಯೇ ಮಾಡಿದೆ. ಮೂರು ಗಂಟೆಗೆ ತೆಂಕು ದಿಕ್ಕು ಕಪ್ಪಾಯಿತು. ಮಂಚದ ಮೇಲಿನ ಕೊನೆಯ ಸಾಲು ಕೂರಿಸುವಾಗ ಹನಿ ಬಿತ್ತು. ಮೇಲಿನವನು ಇಳಿದು ಮುಗಿಸುವುದರೊಳಗೆ ಮಳೆ ಸುರಿಯಿತು.

ಕೋಣೆಯ ಇನ್ನೊಂದು ಅರ್ಧಕ್ಕೆ ನೀರು ಹಗ್ಗದ ಹಾಗೆ ಇಳಿಯಿತು. ಕಪಾಟು ನೆನೆಯಿತು, ನೆಲ ಕೆರೆಯಾಯಿತು. ಮಂಚದ ಮೇಲೆ ಒಂದು ಹನಿ ಇಲ್ಲ. ಮೂರೂವರೆಗೆ ಉಮ್ಮನ ಮಗ ಮೆಣಸಿನ ಮೂಟೆಗಳ ಅಡಿಯಿಂದ ಹುಡುಕಿ ತೆಗೆದ ಟಾರ್ಪಾಲನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಒದ್ದೆಮುದ್ದೆಯಾಗಿ ಬಂದ. ನೇರ ಒಳಗೆ ಹೋಗಿ ಉಮ್ಮನ ಹೊದಿಕೆಯನ್ನು ನಾಲ್ಕೂ ಮೂಲೆಯಲ್ಲಿ ಮುಟ್ಟಿ ನೋಡಿದ. ಆಮೇಲೆ ಕೆಲಸದವರೊಡನೆ ಸೇರಿ, ತೆರೆದುಳಿದ ಮಾಡಿಗೆ ಟಾರ್ಪಾಲು ಬಿಗಿದ.

ಇಳಿದು ಬಂದು ನನ್ನ ಮುಂದೆ ನಿಂತ. ಕೆಲಸ ಅರ್ಧ ಉಳಿದಿದೆ, ನಾಳೆಯೂ ಬಿಚ್ಚಬೇಕು.

"ನಾಳೆ ಯಾರನ್ನು ಕೇಳ್ಬೇಕು ಟೀಚರ್? ಕಡಲನ್ನಾ, ಉಮ್ಮನನ್ನಾ?"

"ಮೊದಲು ಉಮ್ಮನ ಉಪ್ಪು," ಎಂದೆ. "ಆಮೇಲೆ ನನ್ನ ಕಡಲು. ಟಾರ್ಪಾಲು ಇಲ್ಲೇ ಇರಲಿ."

ಐದರವರೆಗೆ ನಾನೂ ಸೊಸೆಯೂ ನೆಲದ ನೀರು ಹಿಂಡಿದೆವು. ಮಳೆ ನಿಂತ ಮೇಲೆ ಕೊಡೆ ಹಿಡಿದು ಅಪಾರ್ಟ್‌ಮೆಂಟಿನ ಗೇಟಿಗೆ ಹೋದೆ. ಯಂತ್ರ ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಕಾವಲುಗಾರನನ್ನು ಕೇಳಿದೆ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಯಿಂದ ಐದರವರೆಗೆ ಅದಕ್ಕೆ ವಿರಾಮ ಎಂದ. ಅಪ್ಪನ ಲೆಕ್ಕದಲ್ಲಿ ತಪ್ಪಿಲ್ಲ. ಅವರ ಕಾಲದಲ್ಲಿ ಬಡಗಿನಲ್ಲಿ ಮೊರೆಯುವಂಥದ್ದು ಬೇರೆ ಏನೂ ಇರಲಿಲ್ಲ, ಅಷ್ಟೆ.

ಮನೆಗೆ ಬಂದು ನೋಟ್‌ಬುಕ್ಕು ತೆಗೆದೆ. ಬಿಸುವಿನಿಂದ ಈಚೆಗೆ ಬರೆದ ನಲವತ್ತಕ್ಕೂ ಹೆಚ್ಚು ಸಾಲುಗಳಲ್ಲಿ ಕಡಲು ಯಾವುದು, ಯಂತ್ರ ಯಾವುದು ಎಂದು ಈಗ ಬಿಡಿಸಲಾಗದು. ಸ್ಕೇಲು ಇಟ್ಟು ಕೆಂಪು ಪೆನ್ನಿನಲ್ಲಿ ಎಲ್ಲವನ್ನೂ ಹೊಡೆದುಹಾಕಿದೆ. ಅಂದಿನ ಸಾಲಿನಲ್ಲಿ "ಯಂತ್ರ. ಉಪ್ಪು ಸರಿ" ಎಂದು ಬರೆದೆ. ಏಳು ಗಂಟೆಗೆ ಊಟ ಮುಗಿಸಿ, ಅಲಾರಮ್ಮಿನ ಮುಳ್ಳನ್ನು ಐದರಿಂದ ನಾಲ್ಕೂಕಾಲಕ್ಕೆ ತಿರುಗಿಸಿಟ್ಟೆ.