ಬ್ಯಾಟರಿ ಕೋಣೆಯ ಕಂಬಳಿ

ಮಗಳು ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದಾಗ, ಒಮ್ಮೆ ರಜೆಗೆ ಬಂದವಳು ತನ್ನ ಕೆಲಸವನ್ನು ನನಗೆ ತಿಳಿಹೇಳಲು ಕೂತಳು. ದೊಡ್ಡ ಅವಘಡವಾಗಿ, ತಂಪು ಮಾಡುವ ನೀರು ಸಾಲದೆ ಹೋದರೆ, ಕಾದು ಕೆಂಪಾದ ಲೋಹಕ್ಕೆ ಹಬೆ ತಾಗಿ ಹೈಡ್ರೋಜನ್ ಹುಟ್ಟುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ, ಮೇಲೇರಿ ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ಆಮೇಲೆ ಒಂದು ಕಿಡಿ ಸಾಕು, ಕಟ್ಟಡದ ತಲೆಯೇ ಹಾರಿಹೋಗುತ್ತದೆ. ಅದು ಕೂಡಿಕೊಳ್ಳುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ನೀರಾಗಿಸಬೇಕು, ಇಲ್ಲವೇ ಹೊರಗೆ ದಾರಿ ಮಾಡಿಕೊಡಬೇಕು. ಅದನ್ನು ನೋಡಿಕೊಳ್ಳುವುದೇ ಅವಳ ಕೆಲಸ. "ಅರ್ಥ ಆಯ್ತಾ ಅಮ್ಮಾ?" ಎಂದಾಗ ನನಗೆ ನಗು ಬಂತು. ಈ ಪಾಠ ನನಗೆ ಅವಳು ತೊಟ್ಟಿಲಲ್ಲಿದ್ದಾಗಲೇ ಆಗಿತ್ತು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ. ಗಾಳಿಬೀಡಿನ ಕಡೆಯ ಒಂದು ಎಸ್ಟೇಟಿನಲ್ಲಿ ನನ್ನ ಗಂಡ ಎಂಜಿನ್ ನೋಡಿಕೊಳ್ಳುತ್ತಿದ್ದರು. ಬಂಗಲೆಯ ದೀಪಕ್ಕೆಂದು ಎಂಜಿನ್ ಓಡಿಸಿ, ಪಕ್ಕದ ಕೋಣೆಯಲ್ಲಿ ಸಾಲಾಗಿಟ್ಟ ಗಾಜಿನ ಬ್ಯಾಟರಿಗಳನ್ನು ಚಾರ್ಜ್ ಮಾಡಬೇಕು. ಚಾರ್ಜ್ ತುಂಬುತ್ತ ಬಂದಂತೆ ಅವು ಅನ್ನದ ಮಡಕೆಯ ಹಾಗೆ ಗುಳುಗುಳು ಎನ್ನುತ್ತಿದ್ದವು. ಆ ಗುಳ್ಳೆಗಳಲ್ಲಿ ಬರುವುದೂ ಇದೇ ಹೈಡ್ರೋಜನ್. ಅದು ಹೊರಗೆ ಹೋಗಲೆಂದೇ ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿ ಇತ್ತು. ಗಂಡ ಬೀಡಿಯನ್ನು ಹೊರಗೇ ಆರಿಸಿ ಒಳಹೋಗುತ್ತಿದ್ದರು. ಅದು ಬಂಗಲೆಯ ದೊರೆಯ ಶಿಸ್ತು ಎಂದಷ್ಟೇ ನಾವು ಹೆಂಗಸರು ತಿಳಿದಿದ್ದೆವು. ಆ ಎಂಜಿನ್ನಿನ ಟುಕುಟುಕು, ಅವರ ಅಂಗಿಯ ಎಣ್ಣೆ ವಾಸನೆ ಈಗಲೂ ನೆನಪಾದರೆ ಜೀವ ಎಳೆಯುತ್ತದೆ.

ನಮ್ಮತ್ತೆಗೆ ಮಾತ್ರ ಗಾಳಿಯೇ ಶತ್ರು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಪ್ರೀತಿ ಎಂದರೆ ಸಂದುಗೊಂದು ಮುಚ್ಚುವುದು, ಕೆಂಡ ಹೊತ್ತು ತರುವುದು. ಕೂಸಿನ ಬಟ್ಟೆಯನ್ನೂ ಕೆಂಡದ ಬಾಣಲೆಗೆ ಬುಟ್ಟಿ ಕವುಚಿ, ಅದರ ಮೇಲೆ ಹರಡಿ ಒಣಗಿಸುತ್ತಿದ್ದೆವು. ಆ ವರ್ಷ ಗಂಡನಿಗೆ ಕೆಮ್ಮು ಬೇರೆ. ಮೀಸೆ ಹೊತ್ತ ಮಗನ ಹಿಂದೆ ಅತ್ತೆ ಕಷಾಯ ಹಿಡಿದು ಓಡಾಡುವುದನ್ನು ನೋಡಿ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಒಳಗೊಳಗೇ ನಗುತ್ತಿದ್ದೆ.

ಒಂದು ಮಧ್ಯಾಹ್ನ, ಎಸ್ಟೇಟಿನ ಕೆಲಸದವರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯೊಳಗೆ ಹಸಿ ಸೌದೆಯ ಹೊಗೆ ಕಟ್ಟಿ ಕೂಸು ಕೆಮ್ಮತೊಡಗಿತು. ಅತ್ತೆ ಕೆಂಡದ ಬಾಣಲೆ ಎತ್ತಿಕೊಂಡರು. "ಬ್ಯಾಟರಿ ಕೋಣೆ ಬೆಚ್ಚಗೆ ಉಟ್ಟು, ಹೊಗೆನೂ ಇಲ್ಲೆ. ಕೂಸಿನ ಎತ್ತಿಕಂಡ್ ಬಾ." ಅದು ಬೆಚ್ಚಗಿದ್ದುದು ಯಾಕೆಂದರೆ, ಮಗನಿಗೆ ಶೀತ ತಾಗದಿರಲಿ ಎಂದು ಬೆಳಿಗ್ಗೆ ಅವರೇ ಸ್ಟೂಲು ಹತ್ತಿ ಗವಾಕ್ಷಿಗೆ ಕಂಬಳಿ ತುರುಕಿ ಬಂದಿದ್ದರು.

ನಾವು ಬಾಗಿಲ ಹತ್ತಿರ ಬರುವಾಗ ಗಂಡ ಎಂಜಿನ್ ಮನೆಯಿಂದ ಹೊರಬಂದರು. ಬಾಣಲೆ ನೋಡಿದರು. ಗವಾಕ್ಷಿಯಲ್ಲಿ ಜೋಲುತ್ತಿದ್ದ ಕಂಬಳಿಯ ಅಂಚು ನೋಡಿದರು. ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು.

"ಅವ್ವಾ, ಅಲ್ಲೇ ನಿಲ್. ಮುಂದೆ ಬರ್ಬೇಡ."

"ಮಳೆಲಿ ನಿಂತ್ರೆ ಕೆಂಡ ಆರ್ದು ಹೋಗ್ದೆ?"

"ಆರ್ಲಿ."

ಬಾಣಲೆ ಕಿತ್ತುಕೊಂಡು ದೂರ ಒಯ್ದು ಕೆಸರಿಗೆ ಸುರಿದರು. ಕೂಸಿನ ಕೆಂಡ ಆರಿಸಿದೆಯಲ್ಲಾ ಎಂದು ಅತ್ತೆ ಅಳುತ್ತ ಬೈದರು. ಗಂಡ ಎಂಜಿನ್ ನಿಲ್ಲಿಸಿ, ಬಾಗಿಲು ಅಗಲ ತೆರೆದು, ಹೊರಗಿನಿಂದ ಉದ್ದ ದೋಟಿಯ ಕೊಕ್ಕೆಯಲ್ಲಿ ಕಂಬಳಿ ಎಳೆದು ಹಾಕಿದರು. ಆಮೇಲೆ ಮನೆಗೆ ಬಂದು ಆ ಗುಳ್ಳೆಗಳಿಂದೇಳುವ ಗಾಳಿಯ ವಿಷಯ ಹೇಳಿದರು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ನೀವು ಮೂವರೂ ಇರುತ್ತಿರಲಿಲ್ಲ ಎಂದರು. ಅತ್ತೆ ಕೂಸನ್ನು ಮಡಿಲಿಂದ ಇಳಿಸಲೇ ಇಲ್ಲ.

ಮರುದಿನವೂ ಅದೇ ಮಳೆ. ತೆರೆದ ಗವಾಕ್ಷಿಯಿಂದ ಚಳಿಗಾಳಿ ನುಗ್ಗುತ್ತಿತ್ತು, ಗಂಡ ಕೆಮ್ಮುತ್ತ ಬ್ಯಾಟರಿ ನೋಡುತ್ತಿದ್ದರು. ಅತ್ತೆ ಅದೇ ಕಂಬಳಿ ಹಿಡಿದು ಬರುವುದನ್ನು ಕಂಡು, ಮುಗಿಯಿತು ಕತೆ, ಮತ್ತೆ ತುರುಕುತ್ತಾರೆ ಎಂದುಕೊಂಡೆ. ಅವರು ಗವಾಕ್ಷಿಯತ್ತ ಒಮ್ಮೆ ನೋಡಿ, ಕಂಬಳಿಯನ್ನು ಮಗನ ಹೆಗಲಿಗೆ ಸುತ್ತಿದರು.

"ಗಾಳಿ ಬರ್ಲಿ. ನೀ ಹೊದ್ಕೊ."

ಅವರಿಬ್ಬರೂ ಈಗಿಲ್ಲ. ಆ ಸಲ ರಜೆ ಮುಗಿದು ಮಗಳು ಹೊರಟಾಗ ಅದೇ ಕಂಬಳಿಯನ್ನು ಅವಳ ಚೀಲಕ್ಕೆ ತುರುಕಿದೆ. "ಅಲ್ಲಿ ಸೆಕೆ ಅಮ್ಮಾ, ಇದೆಂತಕೆ?" ಎಂದಳು.

"ಇರ್ಲಿ, ಮಡ್ಗು" ಎಂದೆ.