ಕೋಷ್ಟಕದ ದೀನದಯಾಳನ್
ಗಣಪತಿ ಎಂಬ ಬಡಾವಣೆಯ ಪಂಪು ವರ್ಕ್‌ಶಾಪುಗಳ ನಡುವೆ ಕೂತು, ಲೇಟೆಕ್ ಎಂಬ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ಪ್ರಬಂಧ ಸಿದ್ಧಪಡಿಸಿಕೊಡುವ ದೀನದಯಾಳನ್ ಅವರಿಗೆ ಜಗತ್ತಿನಲ್ಲಿ ಸಹಿಸಲಾಗದ್ದು ಒಂದೇ: ಕೋಷ್ಟಕದ ಚೌಕದಲ್ಲಿ ಒಂಟಿ ಅಂಕಿಯೊಂದು ಮೇಲಿನ ಗೆರೆಗೆ ಅಂಟಿಕೊಂಡಿರುವುದು. ಹೋಟೆಲಿನಲ್ಲೂ ಓರೆಯಾಗಿ ತೂಗುವ ದರಪಟ್ಟಿಯನ್ನು ನೇರ ಮಾಡದೆ ಅವರು ಕಾಫಿ ಮುಟ್ಟುವುದಿಲ್ಲ. ಕಳೆದ ತಿಂಗಳು ಸಿರುಮುಗೈ ಊರಿನ ನೇಕಾರರ ಮನೆಯ ಕಾರ್ತಿಕಾ, ಸಂಜೆಯೊಳಗೆ ಪ್ರಬಂಧ ಒಪ್ಪಿಸಬೇಕೆಂದು ಚಡಪಡಿಸುತ್ತಿದ್ದಳು. “ಹಂಗೇ ಕೊಟ್ಬುಡಿ ಮಾಮಾ, ಅದನ್ನ ಯಾರ್ ನೋಡ್ತಾರೆ?” ಎಂದಳು. “ನಾನ್ ನೋಡ್ತೀನಲ್ಲ ಅಮ್ಮಣಿ, ಕೊಂಜ ಇರು, ಒಂದ್ ಚೂರು,” ಎನ್ನುತ್ತಾ ಅವರು ಕಾಲಮ್ಮುಗಳ ಆಜ್ಞೆಯಲ್ಲಿ ಅಂಕಿಯನ್ನು ಮೇಲಕ್ಕೇ ನಿಲ್ಲಿಸುವ ‘ಪಿ’ಗಳನ್ನು ಅಳಿಸಿ, ನಡುವಿಗೆ ತರುವ ‘ಎಂ’ ಹಾಕಿದರು. ನಾಲ್ಕು ಸಾಲಿನ ವಿವರಣೆಯ ಪಕ್ಕದಲ್ಲಿ ಅಂಕಿ ಸರಿಯಾಗಿ ನಡುವಿಗೆ ಇಳಿದು ಕೂತಿತು. ಹುಡುಗಿಗೂ ನಗು ಬಂತು. ಪ್ರಬಂಧ ಹೊತ್ತಿಗೆ ಸರಿಯಾಗಿ ಕಾಲೇಜು ಸೇರಿತು. ಇದೆಲ್ಲ ಬರೀ ಹುಚ್ಚು ಎಂದುಕೊಂಡಿದ್ದ ನಾನು ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಸೊಂಟ ಮುರಿದು ಮಲಗಿರುವ ಹೆಂಡತಿ ಸುಶೀಲ ಅವರಿಗೆ ಆಸ್ಪತ್ರೆಯಂಥ ಎತ್ತರದ ಮಂಚ ತಂದಿದ್ದಾರೆ. ಪಕ್ಕದಲ್ಲಿ ದೀನದಯಾಳನ್ ಅವರ ಹಳೆಯ ಮಂಚ. ಅದರ ಕಾಲುಗಳ ಕೆಳಗೆಲ್ಲ ಇಟ್ಟಿಗೆ. “ಇವ್ರು ಕೆಳಗ್ ಮಲಗಿದ್ರೆ ನಂಗೆ ಮೊಗಾನೇ ಕಾಣ್ತಿರ್ಲಿಲ್ಲ,” ಎಂದು ಸುಶೀಲ ಸಂಕೋಚದಿಂದ ನಕ್ಕರು. ದೀನದಯಾಳನ್ ಮಾತ್ರ ತಮ್ಮ ಮಂಚದ ಬಳಿ ನೆಲಕ್ಕೆ ಮೊಣಕಾಲೂರಿ, ಇನ್ನೂ ಒಂದು ಇಟ್ಟಿಗೆ ಬೇಕೇನೋ ಎಂದು ನೋಡುತ್ತಿದ್ದರು.